ಕುಡಿಯುವವನಿಗೆ ಶಿಬಿರ ಐತಿ, ಮನೆಯವರಿಗೆ ಏನೈತಿ?

ಬಾಗಲಕೋಟೆ ಜಿಲ್ಲೆಯ ಒಂದು ತಾಲೂಕು ಆಸ್ಪತ್ರೆ. ಮಂಗಳವಾರ, ಹನ್ನೊಂದರ ಹೊತ್ತು. ಚೀಟಿ ಮಾಡಿಸುವ ಕಿಟಕಿಯ ಮುಂದೆ ನಲವತ್ತರ ಆಸುಪಾಸಿನ ಹೆಣ್ಣುಮಗಳೊಬ್ಬಳು ನಿಂತಿದ್ದಾಳೆ. ಒಳಗಿನವರು ಹೆಸರು ಕೇಳುತ್ತಾರೆ. ಗಂಡನ ಹೆಸರನ್ನು ಆಕೆ ಬಾಯಿಬಿಟ್ಟು ಹೇಳುವುದಿಲ್ಲ. ಜೊತೆಗೆ ಬಂದ ಆಶಾ ಕಾರ್ಯಕರ್ತೆ ಹೇಳುತ್ತಾಳೆ.

"ಪೇಶೆಂಟ್ ಎಲ್ಲಿ ಅದಾನ್ರಿ?"

"ಬಂದಿಲ್ರಿ. ಬಾ ಅಂದ್ರ ಬರವಲ್ರು."

"ಪೇಶೆಂಟ್ ಇಲ್ಲಂದ್ರ ಚೀಟಿ ಹೆಂಗ ಮಾಡೂದು? ಕರಕೊಂಡು ಬರ್ರಿ."

ಕರೆದುಕೊಂಡು ಬರುವುದು ಆಕೆಯ ಕೈಯಲ್ಲಿದ್ದಿದ್ದರೆ ಅರ್ಧ ಕೆಲಸ ಮುಗಿದಂತೆಯೇ ಆಗಿತ್ತು. ಆಕೆ ಸೆರಗಿನ ತುದಿ ಬಾಯಿಗಿಟ್ಟುಕೊಂಡು ಪಕ್ಕಕ್ಕೆ ಸರಿದಳು. ಹಿಂದಿನವರು ಮುಂದೆ ಬಂದರು.

ಕಿಟಕಿಯವರನ್ನು ಬೈದು ಪ್ರಯೋಜನವಿಲ್ಲ. ಅವರ ಮುಂದಿನ ಪುಸ್ತಕದಲ್ಲಿ ಕುಡಿಯುವವನಿಗೆ ಒಂದು ಸಾಲು ಇದೆ, ಅವನ ಜೊತೆ ಬದುಕುವವಳಿಗೆ ಇಲ್ಲ. ಆಸ್ಪತ್ರೆಯಲ್ಲಿ ಮಾತ್ರವಲ್ಲ, ನಮ್ಮ ಮಠಗಳ ಪ್ರವಚನದಲ್ಲಿ, ಊರಿನ ಶಿಬಿರದಲ್ಲಿ, ಹೋರಾಟದ ಘೋಷಣೆಯಲ್ಲಿ ಕೂಡ ಹಾಗೇ. ಕುಡಿತ ಬಿಡಿಸುವ ಮಾತು ಎಲ್ಲಿ ಬಂದರೂ ಕಣ್ಣೆಲ್ಲ ಕುಡಿಯುವವನ ಮೇಲೆ. ಅವನು ಬಿಟ್ಟರೆ ಮನೆ ತಾನಾಗಿಯೇ ಸರಿಹೋಗುತ್ತದೆ, ಬಿಡದಿದ್ದರೆ ಮನೆಯವರ ಹಣೆಬರಹ. ಈ ಲೆಕ್ಕವೇ ತಪ್ಪು ಎಂಬುದು ನನ್ನ ವಾದ. ಅವನು ಬಿಡಲಿ, ಬಿಡದಿರಲಿ, ಮನೆಯವರಿಗೆ ಅವರ ಪಾಲಿನ ನೆರವು ಬೇಕು. ಅವನನ್ನು ಚಿಕಿತ್ಸೆಗೆ ತರುವ ದಾರಿಯೂ ಬಹಳ ಸಲ ಆ ನೆರವಿನ ಮೂಲಕವೇ ಹಾದುಹೋಗುತ್ತದೆ.

ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆ ಕುಡಿತದ ವಿರುದ್ಧ ಕೆಲಸ ನಡೆದೇ ಇಲ್ಲ ಎನ್ನುವ ಹಾಗಿಲ್ಲ. ಇಳಕಲ್ಲಿನ ಮಹಾಂತ ಸ್ವಾಮಿಗಳ ಜೋಳಿಗೆಯ ಕತೆ ಇಲ್ಲಿಯವರಿಗೆ ಹೊಸದಾಗಿ ಹೇಳಬೇಕಾದ್ದಲ್ಲ. ಜೋಳಿಗೆ ಅಂದರೆ ಹಿಟ್ಟು, ಕಾಳು, ಚಿಲ್ಲರೆ ಬೀಳುವ ಚೀಲ. ಅವರು ಅದನ್ನು ಹೆಗಲಿಗೆ ಹಾಕಿ ಊರೂರು ಸುತ್ತಿ ಜನರ ಚಟಗಳನ್ನು ಭಿಕ್ಷೆ ಬೇಡಿದರು. 2018ರಲ್ಲಿ ಅವರು ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1 ಈಗ ರಾಜ್ಯದಲ್ಲಿ ವ್ಯಸನಮುಕ್ತ ದಿನ. ಕುಡುಕ ಅಂದರೆ ಕಟ್ಟೆಯ ಮೇಲೆ ಕೂತವರು ನಗುವ ಕಾಲದಲ್ಲಿ, ಸ್ವಾಮಿಗಳೇ ಅವನ ಮನೆ ಬಾಗಿಲಿಗೆ ಬಂದು ಕೈಚಾಚಿದರು ಎಂಬುದರ ತೂಕವನ್ನು ಕಡಿಮೆ ಮಾಡಿ ಹೇಳಬಾರದು. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯವರ ಮದ್ಯವರ್ಜನ ಶಿಬಿರಗಳೂ ನಮ್ಮ ಕಡೆ ನಡೆಯುತ್ತವೆ. ಎಂಟು ದಿನ ಒಂದೇ ಕಡೆ ಇರಿಸಿ, ಭಜನೆ, ಆಪ್ತಸಲಹೆ, ಕೊನೆಗೆ ಪ್ರತಿಜ್ಞೆ.

ಇವಕ್ಕಿಂತ ಹಳೆಯ ಉಪಾಯ ಮಾಲೆ. ಪಂಢರಪುರಕ್ಕೆ ಹೋಗಿ ತುಳಸಿ ಮಾಲೆ ಹಾಕಿಸಿಕೊಂಡು ಬಂದರೆ ಕುಡಿತವೂ ಇಲ್ಲ, ಮಾಂಸವೂ ಇಲ್ಲ. ಗಡಿ ಭಾಗದ ಎಷ್ಟೋ ಮನೆಗಳಲ್ಲಿ ಹೆಂಡತಿ, ತಾಯಿ ಕೂಡಿ ಗಂಡಸಿಗೆ ಮಾಲೆ ಹಾಕಿಸಿದ್ದಾರೆ. ಮಾಲೆ ಉಳಿದ ಮನೆಗಳೂ ಇವೆ. ಅಯ್ಯಪ್ಪನ ಮಾಲೆ ತೆಗೆದ ದಿನ ಸಂಜೆಯೇ ಮದ್ಯದ ಪಾಕೀಟು ಹರಿದವರೂ ಇದ್ದಾರೆ. ಅದಿರಲಿ. ನಾನು ಗಮನಿಸಿದ್ದು ಬೇರೆ. ಜೋಳಿಗೆಗೆ ಚಟ ಹಾಕಿ, ಶಿಬಿರ ಮುಗಿಸಿ, ಮಾಲೆ ತೊಟ್ಟು ಮನೆಗೆ ಬಂದವನ ಹಿಂದೆ ಮರುವಾರ ಆ ಮನೆಗೆ ಯಾರು ಹೋದರು? ಮತ್ತೆ ಕುಡಿದರೆ ಹೆಂಡತಿ ಏನು ಮಾಡಬೇಕು, ಯಾರಿಗೆ ಹೇಳಬೇಕು ಎಂದು ಆಕೆಯನ್ನು ಕೂರಿಸಿಕೊಂಡು ಯಾರು ಮಾತಾಡಿದರು?

ಕುಡಿಯುವ ಮಾಲು ಮಾತ್ರ ದಿನಕ್ಕೆ ದಿನಕ್ಕೆ ಮನೆಯ ಹತ್ತಿರ ಬಂದಿದೆ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ಬಂದ್ ಆಯಿತು. ಅದರ ಜಾಗಕ್ಕೆ ಅಗ್ಗದ ವಿಸ್ಕಿಯ 90 ಮಿಲಿ ಟೆಟ್ರಾ ಪಾಕೀಟು ಬಂತು. ತಾಲೂಕಿನ ಪರವಾನಗಿ ಅಂಗಡಿಯಿಂದ ಡಬ್ಬಗಟ್ಟಲೆ ತಂದು ಹಳ್ಳಿಯ ಕಿರಾಣಿ ಅಂಗಡಿಯಲ್ಲಿ, ಹೋಟೆಲ್ಲಿನ ಹಿಂಬದಿಯಲ್ಲಿ ಹತ್ತಿಪ್ಪತ್ತು ರೂಪಾಯಿ ಹೆಚ್ಚಿಗೆ ಹಚ್ಚಿ ಮಾರುತ್ತಾರೆ. ಮಕ್ಕಳು ಬಿಸ್ಕೀಟು ತರಲು ಹೋಗುವ ಅಂಗಡಿಯೇ ಅದು. ಬೆಳಗಾವಿಗೆ ಗೋವಾ ಮಾಲಿನ ಕಾಟ ಬೇರೆ. ಅಲ್ಲಿ ದರ ಕಡಿಮೆ, ಘಾಟ್ ಇಳಿದರೆ ಗೋವಾ. 2019ರ ಜನವರಿಯಲ್ಲಿ ಹೆಣ್ಣುಮಕ್ಕಳು ಮದ್ಯ ನಿಷೇಧಕ್ಕಾಗಿ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದುಕೊಂಡೇ ಹೋದರು. ಸರ್ಕಾರದ ಕಡೆಯ ಉತ್ತರ ಬಜೆಟ್ ಪುಸ್ತಕದಲ್ಲಿದೆ. 2025-26ಕ್ಕೆ ಅಬಕಾರಿ ಇಲಾಖೆಗೆ ಇಟ್ಟ ಗುರಿ 40,000 ಕೋಟಿ ರೂಪಾಯಿ.

ಕಬ್ಬಿನ ಸೀಮೆಯಲ್ಲಿ ಇದಕ್ಕೆ ಇನ್ನೊಂದು ತಿರುವು ಇದೆ. ಕಬ್ಬು ಅರೆದಾಗ ಸಕ್ಕರೆ ಒಂದು ಕಡೆ, ಕಾಕಂಬಿ, ಅಂದರೆ ಸಕ್ಕರೆ ತೆಗೆದು ಉಳಿದ ಕಪ್ಪು ಪಾಕ, ಒಂದು ಕಡೆ. ಕಾಕಂಬಿಯಿಂದ ಸ್ಪಿರಿಟ್, ಸ್ಪಿರಿಟ್‌ನಿಂದ ಪಾಕೀಟು. ಕಡಿಯಲು ಹೋದವನು ತಾನೇ ಕಡಿದ ಕಬ್ಬಿನ ರಸವನ್ನು ಸುತ್ತು ಹಾಕಿಸಿ ದುಡ್ಡು ಕೊಟ್ಟು ಕೊಳ್ಳುತ್ತಾನೆ. ಕಟಾವಿನ ಗ್ಯಾಂಗಿನಲ್ಲಿ ಗಂಡ ಹೆಂಡತಿ ಸೇರಿ ಒಂದು ಜೋಡಿ ಎಂದೇ ಲೆಕ್ಕ. ಗ್ಯಾಂಗಿನ ಮೇಸ್ತ್ರಿಯಾದ ಮುಕಾದಮ ಮುಂಗಡ ಕೊಡುವುದು ಜೋಡಿಗೆ. ಗಂಡ ಕುಡಿದು ಗುಡಿಸಲಿನಲ್ಲಿ ಮಲಗಿದರೂ ಜೋಡಿಯ ಸಾಲ ಮಲಗುವುದಿಲ್ಲ. ಆ ದಿನದ ಕಡಿತ, ಹೊರೆ ಕಟ್ಟುವುದು, ಟ್ರ್ಯಾಕ್ಟರಿಗೆ ಹೇರುವುದು ಎಲ್ಲ ಆಕೆಯ ತಲೆಗೆ. ಮುಕಾದಮ ಕೇಳಿದರೆ "ಮೈಯಾಗ ಆರಾಮಿಲ್ರಿ ಅವ್ರಿಗೆ" ಅನ್ನುವ ಸುಳ್ಳು ಕೂಡ ಆಕೆಯದೇ. ಕುಡಿತದ ಖರ್ಚು ಅಂದರೆ ನಾವು ಬಾಟಲಿಯ ದರವನ್ನಷ್ಟೇ ಎಣಿಸುತ್ತೇವೆ. ಹೆಣ್ಣುಮಗಳು ಎರಡು ಆಳಿನ ಕೆಲಸ ಮಾಡಿ ತೀರಿಸುವ ಮುಂಗಡ, ಅದು ಸಾಲದೆ ತಂದ ಸಂಘದ ಸಾಲ, ಆ ಸಾಲದ ವಾರದ ಕಂತು, ಕಂತಿನ ದಿನ ಮನೆ ಮುಂದೆ ಬೈಕ್ ನಿಂತಾಗ ಅಡುಗೆಮನೆಯ ಮೂಲೆಯಲ್ಲಿ ಅಡಗಿ ಕೂರುವ ಮಗಳು, ಇದ್ಯಾವುದೂ ಆ ಲೆಕ್ಕದಲ್ಲಿ ಬರುವುದಿಲ್ಲ.

ಈಗ ಮನೆಯೊಳಗೆ ಹೋಗೋಣ. ಇಲ್ಲಿ ವೈದ್ಯಕೀಯ ವಿಷಯ ಸ್ವಲ್ಪ ತಿಳಿದಿರಬೇಕು. ತಿಳಿಯದೆ ಇದ್ದರೆ ಜೀವವೇ ಹೋಗುವ ಸಂದರ್ಭಗಳಿವೆ.

ಮೇಲೆ ಹೇಳಿದ ಹೆಣ್ಣುಮಗಳ ಮನೆಯಲ್ಲಿ ಅತ್ತೆ ಇದ್ದಾಳೆ. ಪಿಂಚಣಿ ಬರುತ್ತದೆ. ಅದರಲ್ಲಿ ಐವತ್ತು, ನೂರು ಮಗನ ಕೈಗೆ ಹೋಗುತ್ತದೆ, ಸೊಸೆಗೆ ಗೊತ್ತಾಗದ ಹಾಗೆ. ಊರವರ ಕಣ್ಣಿಗೆ ಈ ಮುದುಕಿಯೇ ಮಗನನ್ನು ಕೆಡಿಸಿದವಳು. ಕೇಳಿದರೆ ಆಕೆ ಹೇಳುವುದು ಇಷ್ಟೇ: "ಮುಂಜಾನೆದ್ದು ಚಾದ ಕಪ್ಪು ಹಿಡಿಯಾಕ ಬರಂಗಿಲ್ಲ ಅವಂಗ, ಕೈ ನಡಗತಾವು. ಹೆಂಗ ನೋಡ್ಲಿ?" ಮುದುಕಿ ಕಂಡದ್ದು ನಿಜವೇ. ವರ್ಷಗಟ್ಟಲೆ ದಿನವೂ ಕುಡಿದವನ ಮಿದುಳು ಮದ್ಯಕ್ಕೆ ಒಗ್ಗಿಹೋಗಿರುತ್ತದೆ. ರಾತ್ರಿ ಕುಡಿದದ್ದು ಇಳಿದಾಗ ಕೈನಡುಕ, ಬೆವರು, ವಾಂತಿ, ಎದೆಬಡಿತ. ಒಂದು ಪಾಕೀಟು ಒಳಗೆ ಹೋದರೆ ಎಲ್ಲ ಶಾಂತ. ಇದು ಸೋಮಾರಿತನವಲ್ಲ, ಚಿಕಿತ್ಸೆ ಬೇಕಾದ ಅವಲಂಬನೆಯ ಗುರುತು.

ಇಂಥವನನ್ನು ದೇವರ ಮುಂದೆ ಆಣೆ ಮಾಡಿಸಿ ಒಮ್ಮೆಲೇ ನಿಲ್ಲಿಸಿದರೆ ಏನಾಗುತ್ತದೆ? ಮೊದಲ ದಿನ ನಡುಕ. ಮೊದಲ ಎರಡು ದಿನದಲ್ಲಿ ಕೆಲವರಿಗೆ ಮೂರ್ಛೆ ಬರುತ್ತದೆ. ಎರಡು, ಮೂರನೆಯ ದಿನದ ಹೊತ್ತಿಗೆ ಕೆಲವರಿಗೆ ಬುದ್ಧಿ ಭ್ರಮಿಸಿ, ಗೋಡೆಯ ಮೇಲೆ ಹುಳ ಹರಿದಂತೆ, ಯಾರೋ ಕರೆದಂತೆ ಅನಿಸುತ್ತದೆ. ಮೈ ಕಾದು, ಹೆಂಡತಿಯ ಗುರುತೂ ಹತ್ತದ ಸ್ಥಿತಿ. ನಮ್ಮಲ್ಲಿ ಇದಕ್ಕೆ ಗಾಳಿ ಹಿಡಿದಿದೆ ಅನ್ನುತ್ತಾರೆ. "ದೇವರಿಗೆ ಆಣಿ ಮಾಡಿದ್ದಾ, ಕಾಡಾಕತ್ತೈತಿ" ಎಂದು ಗುಡಿಗೆ ಹೊತ್ತೊಯ್ಯುತ್ತಾರೆ. ಚಿಕಿತ್ಸೆ ಸಿಗದಿದ್ದರೆ ಇದರಲ್ಲಿ ಸಾಯುವವರಿದ್ದಾರೆ. ಆಸ್ಪತ್ರೆಯಲ್ಲಿ ಇದಕ್ಕೆ ಕೊಡುವುದು ನಡುಕ ತಡೆಯುವ ಗುಳಿಗೆ ಮತ್ತು ಥಯಾಮಿನ್, ಅಂದರೆ ಬಿ1 ವಿಟಮಿನ್. ಗುಳಿಗೆಯನ್ನು ದಿನದಿಂದ ದಿನಕ್ಕೆ ಇಳಿಸುತ್ತ ಬರುತ್ತಾರೆ. ದುಬಾರಿಯೇನಲ್ಲ, ಆದರೆ ವೈದ್ಯರ ಕಣ್ಣೆದುರು ಆಗಬೇಕು. ಮುಂಜಾನೆ ಕೈ ನಡುಗುವವನಿಗೆ, ಹಿಂದೆ ಬಿಟ್ಟಾಗ ಮೂರ್ಛೆ ಬಂದವನಿಗೆ ಮಾಲೆ ಹಾಕಿಸುವುದೇ ಆದರೆ ಮೊದಲು ಆಸ್ಪತ್ರೆ, ಆಮೇಲೆ ಪಂಢರಪುರ. ವಿಠ್ಠಲ ಕಾಯುತ್ತಾನೆ.

ಇದರಷ್ಟೇ ಅಪಾಯದ್ದು ಗೊತ್ತಾಗದಂತೆ ಹಾಕುವ ಔಷಧ. "ರೋಗಿಗೆ ತಿಳಿಯದಂತೆ ಕುಡಿತ ಬಿಡಿಸುತ್ತೇವೆ" ಎಂಬ ಜಾಹೀರಾತು ಬಸ್ ನಿಲ್ದಾಣದ ಗೋಡೆಗಳ ಮೇಲೆ ಎಲ್ಲರೂ ಓದಿದ್ದೇ. ಪುಡಿಯನ್ನು ಪಲ್ಯದಲ್ಲೋ ಚಹಾದಲ್ಲೋ ಹಾಕಿ ಕೊಡಿ ಅನ್ನುತ್ತಾರೆ. ಅದರಲ್ಲಿ ಏನಿದೆ ಎಂದು ಯಾರೂ ಹೇಳುವುದಿಲ್ಲ. ಡೈಸಲ್ಫಿರಾಮ್ ಎಂಬ ಗುಳಿಗೆ ನಿಜಕ್ಕೂ ಇದೆ, ವೈದ್ಯರೂ ಕೊಡುತ್ತಾರೆ. ಅದನ್ನು ತೆಗೆದುಕೊಂಡವನು ಕುಡಿದರೆ ಮದ್ಯ ದೇಹದಲ್ಲಿ ಪೂರ್ತಿ ಕರಗದೆ ಅಸಿಟಾಲ್ಡಿಹೈಡ್ ಎಂಬ ವಿಷ ಏರುತ್ತದೆ. ಮುಖ ಕೆಂಪಾಗಿ, ವಾಂತಿಯಾಗಿ, ರಕ್ತದೊತ್ತಡ ಕುಸಿಯುತ್ತದೆ. ಕುಡಿದರೆ ಹೀಗಾಗುತ್ತದೆಂದು ಗೊತ್ತಿದ್ದು, ಒಪ್ಪಿ ತೆಗೆದುಕೊಂಡವನಿಗೆ ಅದು ಕಾವಲು. ಗೊತ್ತಿಲ್ಲದೆ ತಿಂದು ಎಂದಿನಂತೆ ಕುಡಿದವನಿಗೆ, ಅದರಲ್ಲೂ ಹೃದಯ, ಯಕೃತ್ತು ಕೆಟ್ಟವನಿಗೆ, ಪ್ರಾಣಾಂತಿಕ. ಇನ್ನೊಂದು ಮಾತು. ಊಟದಲ್ಲಿ ಔಷಧ ಹಾಕಿದ್ದು ಒಂದು ಸಲ ಗೊತ್ತಾದರೆ ಅವನು ಆಕೆಯ ಕೈಯ ರೊಟ್ಟಿಯನ್ನೂ ನಂಬುವುದಿಲ್ಲ. ಹಾಗಾದ ಮನೆ ನಾನು ನೋಡಿದ್ದೇನೆ. ತಟ್ಟೆ ಮುಂದಿಟ್ಟರೆ ಮೊದಲ ತುತ್ತು ಹೆಂಡತಿಯೇ ತಿಂದು ತೋರಿಸಬೇಕಿತ್ತು.

ಕುಡಿಯುವವರ ಜೊತೆ ಬದುಕುವವರನ್ನು ಕುರಿತು ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ಜಿಮ್ ಆರ್ಫರ್ಡ್ ಮತ್ತು ಸಂಗಡಿಗರು ದಶಕಗಳ ಕಾಲ ಬೇರೆ ಬೇರೆ ದೇಶಗಳಲ್ಲಿ ಅಧ್ಯಯನ ಮಾಡಿದ್ದಾರೆ. ಅವರು ಹೇಳುವ ಮೊದಲ ಮಾತೇ ನಮ್ಮ ಹಳ್ಳಿಗೆ ಬೇಕಾದದ್ದು. ಹೆಂಡತಿಯೋ ತಾಯಿಯೋ ರೋಗಿಯೂ ಅಲ್ಲ, ಅವನ ಕುಡಿತಕ್ಕೆ ಕಾರಣವೂ ಅಲ್ಲ. ದೊಡ್ಡ ಒತ್ತಡವೊಂದು ಮೇಲೆ ಬಿದ್ದ ಸಾಮಾನ್ಯ ಮನುಷ್ಯರು ಅಷ್ಟೇ. ಅವರು ಮಾಡುವುದು ಸುಮಾರಾಗಿ ಮೂರು ರೀತಿ: ತಡಕೊಳ್ಳುತ್ತಾರೆ, ಎದುರು ನಿಲ್ಲುತ್ತಾರೆ, ಇಲ್ಲವೇ ದೂರ ಸರಿಯುತ್ತಾರೆ. ಒಂದೇ ವಾರದಲ್ಲಿ ಮೂರನ್ನೂ ಮಾಡಬಹುದು. ಒಂದು ಸರಿ, ಇನ್ನೊಂದು ತಪ್ಪು ಎಂದೇನಿಲ್ಲ, ಪ್ರತಿಯೊಂದಕ್ಕೂ ಅದರದರ ಬೆಲೆ ಇದೆ.

ಊರು ಮಾತ್ರ ಮೂರಕ್ಕೂ ಬೈಯುತ್ತದೆ. ತಡಕೊಂಡರೆ "ಆಕಿನ ಸಲಗಿ ಕೊಟ್ಟಾಳ". ಎದುರು ನಿಂತರೆ "ಬಾಯಿ ಛಲೋ ಇಲ್ಲ, ಮನ್ಯಾಗ ಸುಖ ಇಲ್ಲ, ಅದಕ್ಕ ಕುಡಿತಾನ". ಮಕ್ಕಳನ್ನು ಕರೆದುಕೊಂಡು ತವರಿಗೆ ಹೋದರೆ "ಗಂಡನ್ನ ಬಿಟ್ಟು ಬಂದಾಳ". ತವರಿನವರು ಎಂಟು ದಿನ ಇಟ್ಟುಕೊಂಡು, ಒಂದು ಸೀರೆ ಉಡಿಸಿ, ತಿರುಗಿ ಬಿಟ್ಟು ಬರುತ್ತಾರೆ. ಹೀಗಾಗಿ ಆಕೆ ಕೊನೆಗೆ ಮಾಡುವುದು ನಾಲ್ಕನೆಯದನ್ನು, ಮುಚ್ಚಿಡುವುದು. ಗೃಹಲಕ್ಷ್ಮಿಯ ಎರಡು ಸಾವಿರ ಜಮಾ ಆದದ್ದನ್ನು ಹೇಳದಿರುವುದು, ಪಾಸ್‌ಬುಕ್ಕನ್ನು ದನದ ಕೊಟ್ಟಿಗೆಯ ಜಂತಿಗೆ ಸಿಕ್ಕಿಸುವುದು, ಬಿತ್ತಲು ತಂದ ಶೇಂಗಾ ಚೀಲವನ್ನು ನೆರೆಮನೆಯಲ್ಲಿ ಇಡುವುದು. ಮಗಳಿಗೆ ಗಂಡು ನೋಡಲು ಬಂದ ದಿನ ಗಂಡನನ್ನು ಯಾವುದೋ ನೆವ ಮಾಡಿ ಹೊಲಕ್ಕೆ ಕಳಿಸುವುದು. ಹತ್ತು ವರ್ಷ ಹೀಗೆ ಮುಚ್ಚಿಟ್ಟವಳಿಗೆ ನಿದ್ದೆ ಹೋಗುತ್ತದೆ, ತಲೆನೋವು ಬರುತ್ತದೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಆಕೆಗೆ ಸಿಗುವುದು ನೋವಿನ ಗುಳಿಗೆ, ಶಕ್ತಿಯ ಗುಳಿಗೆ. ಮನೆಯಲ್ಲಿ ಕುಡಿಯುವವರಿದ್ದಾರೆಯೇ ಎಂದು ಕೇಳಲು ಪುರುಸೊತ್ತು ಯಾರಿಗೂ ಇರುವುದಿಲ್ಲ.

ಹಾಗಾದರೆ ಮನೆಯವರಿಗೆ ನೆರವು ಕೊಟ್ಟರೆ ಏನಾಗುತ್ತದೆ? ಇದಕ್ಕೆ ಅಂದಾಜಿನ ಉತ್ತರ ಬೇಕಿಲ್ಲ, ಪುರಾವೆ ಇದೆ. ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ 1999ರಲ್ಲಿ ಪ್ರಕಟವಾದ ಅಧ್ಯಯನ ಒಂದಿದೆ. ಚಿಕಿತ್ಸೆಗೆ ಸುತರಾಂ ಒಪ್ಪದ ಕುಡಿತಗಾರರ ಮನೆಯ 130 ಜನರನ್ನು ಮೂರು ಗುಂಪು ಮಾಡಿದರು. ಕುಡಿಯುವವರನ್ನು ಮುಟ್ಟಲೇ ಇಲ್ಲ. ಎಲ್ಲರೂ ಸೇರಿ ಎದುರು ಕೂರಿಸಿ ಒತ್ತಾಯ ಮಾಡುವ ವಿಧಾನವನ್ನು ಒಂದು ಗುಂಪಿಗೆ ಹೇಳಿಕೊಟ್ಟರು. ಆ ಮನೆಗಳಿಂದ ಚಿಕಿತ್ಸೆಗೆ ಬಂದ ಕುಡಿತಗಾರರು ನೂರಕ್ಕೆ 30. ಇನ್ನೊಂದು ಗುಂಪಿಗೆ, ಅವನನ್ನು ಬದಲಿಸುವ ಹೊಣೆ ನಿಮ್ಮದಲ್ಲ, ನಿಮ್ಮ ಬದುಕು ನೋಡಿಕೊಳ್ಳಿ ಎಂಬ, ಕುಡಿಯುವವರ ಮನೆಯವರ ಸಂಘವಾದ ಅಲ್-ಅನಾನ್‌ನ ಮಾದರಿ. ಚಿಕಿತ್ಸೆಗೆ ತರುವುದು ಅದರ ಉದ್ದೇಶವೇ ಅಲ್ಲ, ಬಂದವರು ನೂರಕ್ಕೆ 13. ಮೂರನೆಯ ಗುಂಪಿಗೆ ರಾಬರ್ಟ್ ಮೈಯರ್ಸ್ ರೂಪಿಸಿದ ಕ್ರಾಫ್ಟ್ ಎಂಬ ತರಬೇತಿ. ಇವರ ಮನೆಗಳಿಂದ ಬಂದವರು ನೂರಕ್ಕೆ 64.

ಆ ತರಬೇತಿಯಲ್ಲಿ ಮಾಯಮಂತ್ರ ಏನಿಲ್ಲ. ಕುಡಿಯದ ಹೊತ್ತಿನಲ್ಲಿ ಅವನ ಜೊತೆ ಚೆನ್ನಾಗಿರುವುದು, ಕುಡಿದ ಹೊತ್ತಿನಲ್ಲಿ ಜಗಳವನ್ನೂ ಮಾಡದೆ, ಸೇವೆಯನ್ನೂ ಮಾಡದೆ ಸರಿದು ನಿಲ್ಲುವುದು. ಅವನ ತಪ್ಪಿನ ಫಲವನ್ನು ತಾನು ಉಣ್ಣದಿರುವುದು. ನಮ್ಮ ಕಡೆಯ ಮಾತಿನಲ್ಲಿ ಹೇಳಬೇಕೆಂದರೆ, ಮುಕಾದಮನ ಮುಂದೆ ಸುಳ್ಳು ಹೇಳಬೇಡ, ಅವನೇ ಉತ್ತರ ಕೊಡಲಿ. ಅಂಗಡಿಯ ಉದ್ರಿ ನೀನು ತೀರಿಸಬೇಡ. ಕುಡಿದಾಗ ಆಸ್ಪತ್ರೆಯ ಮಾತು ತೆಗೆಯಬೇಡ. ಮರುದಿನ ಮುಂಜಾನೆ ಕಟ್ಟೆಯ ಮೇಲೆ ತಲೆ ಎತ್ತದೆ ಕೂತು ಚಹಾ ಕುಡಿಯುತ್ತಾನಲ್ಲ, ನಿನ್ನೆ ಮಗಳ ಮುಂದೆ ಏನು ಮಾಡಿದೆ ಎಂಬ ನಾಚಿಕೆ ಅವನಿಗಿನ್ನೂ ಹಸಿಯಾಗಿರುತ್ತದಲ್ಲ, ಆಗ ಕೇಳು. ಅದೂ ಉಪದೇಶ ಮಾಡದೆ. "ಮಂಗಳವಾರ ನಾನು ದವಾಖಾನಿಗೆ ಹೊಂಟೀನಿ, ನೀವೂ ಬರ್ರಿ" ಅಷ್ಟೇ. ಹೋಗುವ ಜಾಗ ಮೊದಲೇ ಗೊತ್ತಿರಬೇಕು. ಹೂಂ ಅಂದವನ ಮನಸ್ಸು ಸಂಜೆಗೆ ಇರುವುದಿಲ್ಲ.

ಒಂದು ಎಚ್ಚರಿಕೆ ಇಲ್ಲಿಯೇ ಹೇಳಬೇಕು. ಹೊಡೆಯುವವನ ಮನೆಯಲ್ಲಿ ಈ ಪಾಠ ಹೀಗೆಯೇ ನಡೆಯುವುದಿಲ್ಲ. ಉದ್ರಿ ತೀರಿಸದಿದ್ದರೆ, ದುಡ್ಡು ಕೊಡದಿದ್ದರೆ ಬೆನ್ನಿಗೆ ಬೀಳುತ್ತದೆ ಎಂದಾದಲ್ಲಿ ಮೊದಲ ಕೆಲಸ ಆಕೆಯ ಸುರಕ್ಷತೆ. ರಾತ್ರಿ ಯಾವ ಮನೆಗೆ ಓಡಬೇಕು, ಆಧಾರ್ ಕಾರ್ಡು, ಪಾಸ್‌ಬುಕ್ಕು ಎಲ್ಲಿಡಬೇಕು, 112ಕ್ಕೆ ಯಾರು ಫೋನ್ ಮಾಡಬೇಕು ಎಂಬುದು ನೆರೆಯವರ ಜೊತೆ ಮೊದಲೇ ಮಾತಾಗಿರಬೇಕು. 2005ರ ಕೌಟುಂಬಿಕ ಹಿಂಸೆ ತಡೆ ಕಾಯಿದೆಯಲ್ಲಿ ವಿಚ್ಛೇದನ ಕೇಳದೆಯೂ ರಕ್ಷಣೆ ಪಡೆಯಬಹುದು, ಗಂಡನ ಮನೆಯಲ್ಲೇ ಇರುವ ಹಕ್ಕು ಕೇಳಬಹುದು. ನಮ್ಮ ರಾಜ್ಯದಲ್ಲಿ ಅದಕ್ಕೆ ಸಂರಕ್ಷಣಾಧಿಕಾರಿ ಎಂದರೆ ಅಂಗನವಾಡಿಗಳನ್ನು ನೋಡಿಕೊಳ್ಳುವ ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಸಿಡಿಪಿಒ. ಅಂಗನವಾಡಿ ಟೀಚರ್ ಮೂಲಕ ಅಲ್ಲಿಗೆ ಮುಟ್ಟಬಹುದು. ಮಹಿಳಾ ಸಹಾಯವಾಣಿ 181.

ಅಮೆರಿಕದ್ದು ನಮಗೆ ಹೊಂದುತ್ತದೆಯೇ ಎಂದು ಕೇಳುವವರಿಗೆ ಪಕ್ಕದ ಗೋವಾದ ಉದಾಹರಣೆ ಇದೆ. ಮಾಲು ಅಷ್ಟೇ ಅಲ್ಲ, ಅಲ್ಲಿಂದ ತರಬೇಕಾದ್ದು ಬೇರೆಯೂ ಇದೆ. ಸಂಗಾತ್ ಎಂಬ ಸಂಸ್ಥೆಯವರು ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ, ವೈದ್ಯಕೀಯ ಓದದ ಸ್ಥಳೀಯರಿಗೇ ತರಬೇತಿ ಕೊಟ್ಟು, ಹೆಚ್ಚಿಗೆ ಅಂದರೆ ನಾಲ್ಕು ಸಲ ಕೂತು ಮಾತಾಡುವ ಕ್ರಮ ಮಾಡಿದರು. 377 ಗಂಡಸರ ಮೇಲೆ ನಡೆದ ಆ ಪ್ರಯೋಗದ ಫಲಿತಾಂಶ 2017ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಮೂರು ತಿಂಗಳ ಹೊತ್ತಿಗೆ ಅಪಾಯದ ಕುಡಿತದಿಂದ ಹೊರಬಂದವರು ಮಾತುಕತೆ ಸಿಕ್ಕವರಲ್ಲಿ ನೂರಕ್ಕೆ 36, ಸಿಗದವರಲ್ಲಿ 26. ಇವರು ಇನ್ನೂ ಪೂರ್ತಿ ಅವಲಂಬನೆಗೆ ಇಳಿಯದವರು ಎಂಬುದು ನೆನಪಿರಲಿ, ಮುಂಜಾನೆ ಕೈ ನಡುಗುವವರಿಗೆ ಮಾತೊಂದೇ ಸಾಲದು. ಆದರೂ ಊರಿನ ಒಬ್ಬ ಓದಿದ ಹೆಣ್ಣುಮಗಳು ಕಲಿತು ಮಾಡಬಹುದಾದ ಕೆಲಸ ಇದು ಎಂಬುದಂತೂ ಗೊತ್ತಾಯಿತು. ನಮ್ಮಲ್ಲಿ ಆಶಾ ಇದ್ದಾಳೆ, ಸ್ತ್ರೀಶಕ್ತಿ ಸಂಘಗಳಿವೆ, ಸಂಜೀವಿನಿ ಒಕ್ಕೂಟಗಳಿವೆ. ಇರುವ ಹತ್ತು ಕೆಲಸಕ್ಕೇ ಗೌರವಧನ ಸರಿಯಾಗಿ ಮುಟ್ಟದ ಆಶಾಳ ತಲೆಗೆ ಹನ್ನೊಂದನೆಯದನ್ನು ಪುಕ್ಕಟೆ ಹೇರುವುದನ್ನು ನಾನು ಒಪ್ಪುವುದಿಲ್ಲ. ದುಡ್ಡು ಕೊಟ್ಟು ಮಾಡಿಸಬೇಕು. 40,000 ಕೋಟಿಯ ಗುರಿ ಇಟ್ಟ ಸರ್ಕಾರಕ್ಕೆ ದುಡ್ಡಿಲ್ಲ ಅನ್ನಲು ಬಾಯಿ ಬರಬಾರದು.

ದೇಶದ ಸ್ಥಿತಿ ಕೂಡ ಇದೇ ಹೇಳುತ್ತದೆ. ದೆಹಲಿಯ ಏಮ್ಸ್ ನಡೆಸಿದ, 2019ರಲ್ಲಿ ಬಂದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಮದ್ಯಕ್ಕೆ ಅವಲಂಬಿತರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೂ ಒಂದು ಚಿಕಿತ್ಸೆ ಸಿಕ್ಕಿದೆ. ಉಳಿದ 37 ಜನರ ಚಿಕಿತ್ಸೆ, ಕಾವಲು, ಊಟ, ಜಾಮೀನು ಎಲ್ಲವೂ ಮನೆಯವರೇ.

ಎಲ್ಲಿಗೆ ಹೋಗಬೇಕು ಎಂಬುದಕ್ಕೆ ಬರುತ್ತೇನೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಅಡಿಯಲ್ಲಿ ಮನೋಚೈತನ್ಯ ಎಂಬ ಯೋಜನೆ ಇದೆ, ಮನೋವೈದ್ಯರು ಮಂಗಳವಾರಗಳಂದು ತಾಲೂಕು ಆಸ್ಪತ್ರೆಗೆ ಬರುವ ವ್ಯವಸ್ಥೆ. ಯಾವ ಮಂಗಳವಾರ ನಮ್ಮ ತಾಲೂಕಿನ ಪಾಳಿ ಎಂದು ಆಶಾಳನ್ನೋ ಆಸ್ಪತ್ರೆಯನ್ನೋ ಮೊದಲೇ ಕೇಳಿಕೊಳ್ಳಬೇಕು. ದಾಖಲಾಗಬೇಕಾದ ಸ್ಥಿತಿ ಇದ್ದರೆ ಜಿಲ್ಲಾ ಆಸ್ಪತ್ರೆ, ಬೆಳಗಾವಿಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಬಿಮ್ಸ್, ಇಲ್ಲವೇ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್. ಶಕ್ತಿ ಯೋಜನೆ ಬಂದಾಗಿನಿಂದ ಹೆಣ್ಣುಮಕ್ಕಳಿಗೆ ಕೆಂಪು ಬಸ್ಸಿನ ಖರ್ಚಿಲ್ಲ, ಧಾರವಾಡಕ್ಕೆ ಗಂಡನೊಬ್ಬನ ಟಿಕೀಟು ಸಾಕು. ಫೋನಿನಲ್ಲಿ ಮಾತಾಡಬೇಕೆಂದರೆ 2022ರಿಂದ ನಡೆಯುತ್ತಿರುವ ಟೆಲಿ ಮಾನಸ್, ನಂಬರು 14416. ವ್ಯಸನದ್ದೇ ಸಹಾಯವಾಣಿ 14446. ಎರಡೂ ಪುಕ್ಕಟೆ, ಕುಡಿಯುವವನೇ ಮಾತಾಡಬೇಕೆಂಬ ನಿಯಮ ಇಲ್ಲ. ಆಕೆ ಹೊಲದ ಬದುವಿನ ಮೇಲೆ ಕೂತು ಮಾತಾಡಬಹುದು, ಅತ್ತೆಗೂ ಕೇಳುವುದಿಲ್ಲ, ಊರಿಗೂ ಕೇಳುವುದಿಲ್ಲ.

ಬೇಸತ್ತ ಮನೆಯವರು ಕಡೆಗೆ ಹೋಗಿ ಬೀಳುವುದು ಖಾಸಗಿ ಕೇಂದ್ರಗಳಿಗೆ. ಜೀಪಿನಲ್ಲಿ ಬಂದು ಎತ್ತಿಕೊಂಡು ಹೋಗುತ್ತೇವೆ, ಮೂರು ತಿಂಗಳು ಬಿಡುವುದಿಲ್ಲ, ಇಷ್ಟು ಸಾವಿರ ಕೊಡಿ ಅನ್ನುವವರಿದ್ದಾರೆ. 2017ರ ಮಾನಸಿಕ ಆರೋಗ್ಯ ಕಾಯಿದೆ ಮದ್ಯ, ಮಾದಕ ವ್ಯಸನದಿಂದ ಬರುವ ಮಾನಸಿಕ ಸ್ಥಿತಿಗಳನ್ನೂ ಒಳಗೊಳ್ಳುತ್ತದೆ. ಅಂಥವರನ್ನು ದಾಖಲಿಸಿಕೊಂಡು ಚಿಕಿತ್ಸೆ ಕೊಡುವ ಕೇಂದ್ರ ನೋಂದಣಿ ಆಗಿರಲೇಬೇಕು. ಸರಪಳಿ ಹಾಕುವುದು ಯಾವ ಕಾರಣಕ್ಕೂ ಕೂಡದು. ಒಪ್ಪಿಗೆ ಇಲ್ಲದೆ ದಾಖಲಿಸಿಕೊಳ್ಳಲು ತಜ್ಞರ ಪರೀಕ್ಷೆ, ದಿನಗಳ ಮಿತಿ ಎಲ್ಲ ಇದೆ. ನೋಂದಣಿ ಪತ್ರ ತೋರಿಸಿ, ವೈದ್ಯರು ಯಾರು, ನಾವು ಯಾವಾಗ ಬಂದು ನೋಡಬಹುದು ಎಂದು ಮೂರು ಪ್ರಶ್ನೆ ಕೇಳಿದರೆ ಸಾಕು. ಮೂರನೆಯದಕ್ಕೆ ಉತ್ತರ ಕೊಡಲು ತಡವರಿಸಿದರೆ ಎದ್ದು ಬರಬೇಕು.

ಗಾಂಜಾ, ಗುಳಿಗೆಗಳ ಚಟ ಕಾಲೇಜು ಹುಡುಗರಲ್ಲಿ ಕಾಣುತ್ತಿದೆ ಎಂಬ ಭಯ ಈಗ ತಾಯಂದಿರಲ್ಲಿ ಹೆಚ್ಚು. ಪೊಲೀಸ್ ಕೇಸಾದೀತೆಂದು ಮುಚ್ಚಿಡುತ್ತಾರೆ. ತಾನಾಗಿ ಚಿಕಿತ್ಸೆಗೆ ಬರುವ ವ್ಯಸನಿಗೆ 1985ರ ಮಾದಕ ವಸ್ತು ಕಾಯಿದೆಯಲ್ಲೇ ರಿಯಾಯಿತಿಯ ಕಲಮು ಇದೆ, ಆಸ್ಪತ್ರೆಗೆ ಬರಲು ಹೆದರಬೇಕಿಲ್ಲ. ಗುಟ್ಕಾ 2013ರಿಂದ ರಾಜ್ಯದಲ್ಲಿ ನಿಷೇಧ, ಪಾನ್ ಮಸಾಲಾ ಬೇರೆ ಚೀಟು, ತಂಬಾಕು ಬೇರೆ ಚೀಟು ಮಾಡಿ ಮಾರುವುದು ಎಲ್ಲರಿಗೂ ಗೊತ್ತು. ಹಲ್ಲಿಗೆ ತಿಕ್ಕುವ ತಂಬಾಕಿನ ಪುಡಿ, ಮಿಸರಿ ಬಗ್ಗೆ ನಮ್ಮ ಹೆಣ್ಣುಮಕ್ಕಳ ಮುಂದೆ ಮಾತೆತ್ತುವ ಧೈರ್ಯ ನನಗಿಲ್ಲ, ಅದು ಇನ್ನೊಂದು ಲೇಖನ.

ಒಂದು ಸಣ್ಣ ಬದಲಾವಣೆಗೆ ಸರ್ಕಾರದ ಆದೇಶವೂ ಬೇಕಿಲ್ಲ. ಆ ಮಂಗಳವಾರ ಚೀಟಿ ಸಿಗದೆ ಹೊರಗೆ ಬೇವಿನ ಗಿಡದ ಕೆಳಗೆ ಕೂತಿದ್ದವಳನ್ನು ಆಶಾ ಕಾರ್ಯಕರ್ತೆ ಕೇಳಿದ್ದು, "ಯಕ್ಕಾ, ನಿನಗ ನಿದ್ದಿ ಬರತೈತೇನ?" ಆಕೆ ಇಲ್ಲ ಎಂದಳು. "ಹಂಗಾರ ನಿನ್ನ ಹೆಸರ ಮ್ಯಾಲ ಚೀಟಿ ಮಾಡಸೂಣು ನಡಿ." ಎರಡನೆಯ ಸಲ ಕಿಟಕಿಯವರು ಏನೂ ಕೇಳಲಿಲ್ಲ. ನಿದ್ದೆ ಇಲ್ಲದಿರುವುದು, ಎದೆ ಹೊಡೆದುಕೊಳ್ಳುವುದು, ಸಾಯಬೇಕೆನ್ನಿಸುವುದು ಇವೆಲ್ಲ ಚೀಟಿಗೆ ಪೂರ್ತಿ ಅರ್ಹ ಕಾರಣಗಳು, ಸುಳ್ಳೂ ಅಲ್ಲ. ಒಳಗೆ ವೈದ್ಯರು ಆಕೆಯ ಜೊತೆ ಇಪ್ಪತ್ತು ನಿಮಿಷ ಮಾತಾಡಿದರು. ಗಂಡನ ವಿಷಯ ಬಂದದ್ದು ಕೊನೆಯ ಐದು ನಿಮಿಷದಲ್ಲಿ.

ಅವನು ಇನ್ನೂ ಬಂದಿಲ್ಲ. ಬರುತ್ತಾನೋ ಇಲ್ಲವೋ ಹೇಳಲಾಗದು. ಬಂದರೂ ಒಂದೇ ಸಲಕ್ಕೆ ಬಿಟ್ಟುಬಿಡುತ್ತಾನೆ ಎಂದು ಯಾರೂ ಆಕೆಗೆ ಮಾತು ಕೊಟ್ಟಿಲ್ಲ, ಕೊಡಲೂಬಾರದು. ಬಿಟ್ಟವರು ಮತ್ತೆ ಹಿಡಿಯುವುದು ಈ ಕಾಯಿಲೆಯಲ್ಲಿ ಸಾಮಾನ್ಯ. ಮತ್ತೆ ಹಿಡಿಯುವ ಕಾಲವನ್ನು ಮೊದಲೇ ಊಹಿಸಲೂ ಬರುತ್ತದೆ. ಕಾರ್ಖಾನೆ ನಿಂತು ಗ್ಯಾಂಗುಗಳ ಹಿಸಾಬು ಆಗುವುದು ಫೆಬ್ರುವರಿ, ಮಾರ್ಚಿನ ಹೊತ್ತಿಗೆ. ಕೈಗೆ ಒಮ್ಮೆಲೇ ದುಡ್ಡು, ಹೊಲದಲ್ಲಿ ಕೆಲಸವಿಲ್ಲ, ಮೇಲಿಂದ ಮೇಲೆ ಜಾತ್ರೆ, ಮದುವೆ. ಆಕೆ, ಆಶಾ, ಆಕೆಯ ತಮ್ಮ ಮೂವರೂ ಕೂತು ಈಗ ಮಾಡಿಕೊಂಡಿರುವ ಏರ್ಪಾಡು ಇಷ್ಟು: ಹಿಸಾಬಿನ ದಿನ ಮುಕಾದಮನ ಹತ್ತಿರ ತಮ್ಮನೂ ಹೋಗುವುದು, ಆಕೆಯ ಪಾಲು ಆಕೆಯ ಖಾತೆಗೇ ಹಾಕಿಸುವುದು, ಅತ್ತೆಯನ್ನು ಮುಂದಿನ ಮಂಗಳವಾರ ಜೊತೆಗೆ ಕರೆದೊಯ್ಯುವುದು. ಕೈ ನಡುಗಿದಾಗ ಐವತ್ತು ರೂಪಾಯಿ ಕೊಡುವ ಬದಲು ಏನು ಮಾಡಬೇಕೆಂದು ಮುದುಕಿಗೆ ಇದುವರೆಗೆ ಯಾರೂ ಹೇಳಿಕೊಟ್ಟಿಲ್ಲ.